ಹಳೆಯ ಪಾಠ, ಹೊಸ ಭಾಗಾಕಾರ

ದುಬೈಯ ಅಲ್ ಕುಸೈಸ್‌ನ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಪಠ್ಯಪುಸ್ತಕವನ್ನು ರದ್ದಿಗೆ ಹಾಕುವುದಿಲ್ಲ. ಮೇಲಿನ ಮಹಡಿಯ ಹುಡುಗಿ ಏಳನೇ ಕ್ಲಾಸು ಮುಗಿಸಿದರೆ ಅವಳ ಗಣಿತ ಪುಸ್ತಕ ಕೆಳಗಿನ ಮನೆಗೆ ಇಳಿಯುತ್ತದೆ. ಊರಿಗೆ ವಾಪಸು ಹೊರಟ ಸಂಸಾರವಂತೂ ಕಟ್ಟುಗಟ್ಟಲೆ ಹಂಚಿ ಹೋಗುತ್ತದೆ. ಹಾಗೆ ನನ್ನ ಪಾಲಿಗೆ ಬಂದದ್ದು, ಯಾರೋ ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡ್ ಮಾಡಿಸಿದ ಪೈಥಾನ್ ಪಾಠಗಳು. ಪೈಥಾನ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಪುಸ್ತಕ ಎಷ್ಟು ವರ್ಷ ಹಳೆಯದೆಂದು ನಾನು ಕೇಳಲಿಲ್ಲ. ಗಣಿತ ಹಳಸುತ್ತದೆಯೇ? ಇದೂ ಹಾಗೆಯೇ ಎಂದುಕೊಂಡೆ.

ಆಗ ನಾನು ಬರ್ ದುಬೈಯಲ್ಲಿ ಭಟ್ಕಳದ ಸಾಹೇಬರೊಬ್ಬರ ಸಗಟು ಬಟ್ಟೆ ಅಂಗಡಿಯಲ್ಲಿ ಪೆಟ್ಟಿಗೆಗಳಿಗೆ ಅಂಟಿಸುವ ಲೇಬಲ್ ಟೈಪ್ ಮಾಡುತ್ತಿದ್ದೆ. ಪೆಟ್ಟಿಗೆಗೆ ಹನ್ನೆರಡು ಥಾನು ಬಟ್ಟೆ. ಮಿಕ್ಕದ್ದು ಅಂಗಡಿಯ ಕಪಾಟಿಗೆ. ಒಂದು ದಿನ ಸಾಹೇಬರು, ಲೇಬಲ್ಲನ್ನು ತಾನೇ ಮಾಡುವ ಸಾಫ್ಟ್‌ವೇರ್ ತರಿಸುತ್ತೇನೆ ಎಂದರು. ಅದು ಬಂದರೆ ನನಗೆ ಕೆಲಸವಿಲ್ಲ ಎಂಬುದನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಎರಡು ವಾರ ಕೊಡಿ ಸಾಹೇಬ್ರೇ, ನಾನೇ ಮಾಡಿ ಕೊಡ್ತೇನೆ" ಎಂದುಬಿಟ್ಟೆ.

ಪುಸ್ತಕದಲ್ಲಿದ್ದಂತೆಯೇ ಬರೆದೆ. ಮೊದಲ ಸಾಲಿಗೇ ಕಂಪ್ಯೂಟರ್ ತಕರಾರು ತೆಗೆಯಿತು. ಅಳಿಸಿ ಮತ್ತೆ ಬರೆದೆ, ಮತ್ತೆ ತಕರಾರು. ನನ್ನ ತಲೆಗೇ ಹತ್ತುವುದಿಲ್ಲವೆಂದು ಹತ್ತು ದಿನ ನನ್ನನ್ನೇ ಬೈದುಕೊಂಡೆ. ಕೊನೆಗೆ ಮಗಳು ಪುಸ್ತಕದೊಳಗೆ ಇಣುಕಿ, "ಅಮ್ಮಾ, ದಿಸ್ ಈಸ್ ಸೋ ಓಲ್ಡ್! ಇದು ಪೈಥಾನ್ ಟೂ. ಈಗ ಎಲ್ಲ ತ್ರೀ" ಎಂದು ನಕ್ಕಳು. ಹತ್ತು ದಿನ ನೀರಲ್ಲಿ ಹೋಮ ಮಾಡಿದಂತಾಯಿತು.

ಉಳಿದದ್ದು ನಾಲ್ಕೇ ದಿನ. ಪೆನ್ಸಿಲ್ ಹಿಡಿದು ಕೂತೆ. ಪರದೆಯ ಮೇಲಿನ ಕೆಂಪು ಅಕ್ಷರಗಳನ್ನು ಅಷ್ಟು ದಿನ ನೋಡಿ ಹೆದರಿದ್ದೆನೇ ಹೊರತು ಓದಿರಲಿಲ್ಲ. ಓದಿದರೆ ಯಾವ ಸಾಲು, ಏನು ಕಡಿಮೆ ಎಂದು ಅವೇ ಹೇಳುತ್ತಿದ್ದವು. ಒಂದೊಂದೇ ತಿದ್ದುತ್ತಾ ಹೋದೆ. ಕೊನೆಗೆ ಉಳಿದದ್ದು ಭಾಗಾಕಾರ. ಐವತ್ತು ಥಾನನ್ನು ಹನ್ನೆರಡರಿಂದ ಭಾಗಿಸಿದರೆ ಪುಸ್ತಕದ ಪ್ರಕಾರ ನಾಲ್ಕು ಬರಬೇಕು. ನನ್ನ ಪರದೆಯಲ್ಲಿ ನಾಲ್ಕು ಪಾಯಿಂಟ್ ಒಂದು ಆರು ಆರು ಆರು. ಚೂರು ಪೆಟ್ಟಿಗೆಗೆ ಯಾರಾದರೂ ಲೇಬಲ್ ಅಂಟಿಸುತ್ತಾರೆಯೇ? ಹುಡುಕಿದಾಗ ತಿಳಿಯಿತು: ಹಳೆಯ ಪೈಥಾನ್ ಚೂರನ್ನು ತಾನೇ ಬಿಟ್ಟುಬಿಡುತ್ತಿತ್ತು, ಹೊಸದು ಬಿಡುವುದಿಲ್ಲ. ಬಿಡಬೇಕೆಂದರೆ ಭಾಗಾಕಾರದ ಓರೆಗೆರೆಯನ್ನು ಎರಡು ಸಲ ಹಾಕಬೇಕು. ಹಾಕಿದೆ. ನಾಲ್ಕು ಬಂತು. ನಾನು ದಡ್ಡಿಯಾಗಿರಲಿಲ್ಲ! ಅಡುಗೆಮನೆಗೆ ಹೋಗಿ ಒಬ್ಬಳೇ ಕುಣಿದೆ.

ಗಡುವಿನ ದಿನ ಸಾಹೇಬರು ನನ್ನನ್ನು ಸಿಕ್ಕಿಹಾಕಿಸಲೆಂದೇ ಒಂದು ಸಂಖ್ಯೆ ಕೊಟ್ಟರು. "ನೂರ ಏಳು ಥಾನು ಹಾಕಿ, ನೋಡುವಾ."

ಪ್ರಿಂಟರಿನಿಂದ ಎಂಟು ಲೇಬಲ್ ಸರಸರನೆ ಬಂದವು. ಕಪಾಟಿಗೆ ಹನ್ನೊಂದು ಎಂದು ಪರದೆ ತೋರಿಸಿತು. ಅವರು ಕಾಗದದ ಮೇಲೆ ಭಾಗಿಸಿ ನೋಡಿದರು, ಇನ್ನೊಮ್ಮೆ ನೋಡಿದರು. ಆಮೇಲೆ ಫೋನ್ ತೆಗೆದು ಸಾಫ್ಟ್‌ವೇರ್ ಮಾರುವವನಿಗೆ, "ಖಲಾಸ್ ಭಾಯ್, ನಹೀ ಚಾಹಿಯೇ. ಹಮಾರಾ ಮೇಡಂ ಬನಾಯಾ" ಎಂದು, ನಮ್ಮ ಮೇಡಮ್ಮೇ ಮಾಡಿದ್ದಾರೆ, ನಿನ್ನದು ಬೇಡ ಎಂದು ಹಿಂದಿಯಲ್ಲಿ ಹೇಳಿಬಿಟ್ಟರು.

ಫೋನಿಟ್ಟು ನನ್ನತ್ತ ತಿರುಗಿದರು. "ಅಬುಧಾಬಿಯಲ್ಲಿ ಹಮ್ದಾನ್ ಸ್ಟ್ರೀಟಿನ ನಮ್ಮ ಇನ್ನೊಂದು ಅಂಗಡಿಗೂ ಇದು ಆಗ್ತದಾ ಮೇಡಂ?"

"ಆಗ್ತದೆ ಸಾಹೇಬ್ರೇ. ಆದ್ರೆ ಕಲಿಸ್ಲಿಕ್ಕೆ ನಾನೇ ಹೋಗ್ಬೇಕು. ಕಾರು ಕಳಿಸಿ" ಎಂದೆ.

ಕೆಲಸ ಉಳಿದರೆ ಸಾಕಪ್ಪಾ ಎಂದು ಬೆಳಿಗ್ಗೆ ಬರ್ ದುಬೈಯ ದೇವಸ್ಥಾನದ ಗಲ್ಲಿಯಲ್ಲಿ ಕೈಮುಗಿದು ಬಂದವಳು ಇವಳೇನಾ ಎಂದು ನನಗೇ ಆಶ್ಚರ್ಯವಾಯಿತು.