ಭಾವನ ಎರಡು ಡಿಸ್ಕುಗಳು

ನಮ್ಮ ಭಾವ ಲಿಫ್ಟ್ ರಿಪೇರಿಯವರು. ಮೂವತ್ತು ವರ್ಷ ಊರಿನ ಜನರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಜೋಪಾನವಾಗಿ ಸಾಗಿಸಿದ ಮನುಷ್ಯ. ಅವರಿಗೆ ಬಾಡಿಗೆ ಹಾಡೆಂದರೆ ಮೈ ಉರಿ. ನಾನೋ ತಿಂಗಳ ಚಂದಾ ಕಟ್ಟಿ ಫೋನಿನ ಆ್ಯಪಿನಲ್ಲಿ ಕೇಳುವವನು. ಒಂದು ದಿನ ನನ್ನ ಮೆಚ್ಚಿನ ಹಾಡುಗಳು ಹೇಳದೆ ಕೇಳದೆ ಆ್ಯಪಿನಿಂದ ಮಾಯವಾದಾಗ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರ ಹಾಡುಗಳು ಇದ್ದದ್ದು ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಹಳೇ ಕಂಪ್ಯೂಟರಿನಲ್ಲಿ. ಕ್ಯಾಸೆಟ್ಟು, ಸಿ.ಡಿ.ಗಳಿಂದ ತಾವೇ ಕೂತು ತುಂಬಿಸಿದ್ದು. ಮನೆಯ ಯಾವ ಫೋನಿನಲ್ಲಾದರೂ ಕೇಳಬಹುದಿತ್ತು. ಒಳಗೆ ಎರಡು ಡಿಸ್ಕು. ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ.

"ಲಿಫ್ಟಿಗೆ ಒಂದೇ ಹಗ್ಗ ಇರಲ್ಲ ಕಣೋ. ಒಂದು ಹೋದ್ರೆ ಇನ್ನೊಂದು ಹಿಡ್ಕೊಳ್ಳುತ್ತೆ," ಎನ್ನುತ್ತಿದ್ದರು.

ಅದರಲ್ಲಿ ನನ್ನ ಅಕ್ಕನ ಹಾಡುಗಳೂ ಇದ್ದವು. ಅವಳೇನು ದೊಡ್ಡ ಗಾಯಕಿಯಲ್ಲ. ಪಾತ್ರೆ ತೊಳೆಯುತ್ತಾ ಹಳೇ ಸಿನಿಮಾ ಹಾಡು ಹೇಳಿಕೊಳ್ಳುವಾಗ ಭಾವ ಬಾಗಿಲ ಮರೆಯಲ್ಲಿ ನಿಂತು ಫೋನಿನಲ್ಲಿ ಹಿಡಿದಿಟ್ಟದ್ದು. ನಡುನಡುವೆ ನಲ್ಲಿಯ ಸದ್ದು, "ರೀ, ಹಾಲು ಉಕ್ತಾ ಇದೆ ನೋಡ್ರೀ" ಎಂಬ ಕೂಗು. ಆಮೇಲೆ ಅವಳ ಗಂಟಲಿಗೆ ಕ್ಯಾನ್ಸರ್ ಬಂತು. ಡಾಕ್ಟರು ಅಕ್ಕನನ್ನು ಉಳಿಸಿಕೊಟ್ಟರು, ದನಿಪೆಟ್ಟಿಗೆ ತೆಗೆದರು. ಅಂದಿನಿಂದ ಅವಳ ಮಾತೆಲ್ಲ ಸ್ಲೇಟಿನ ಮೇಲೆ. ಆ ಹಾಡುಗಳನ್ನು ಕೇಳುವ ಧೈರ್ಯ ಭಾವನಿಗಿರಲಿಲ್ಲ. ಅಕ್ಕನ ಮುಂದೆ ಹಾಕುವ ಮಾತಂತೂ ದೂರ. ಆದರೆ ಅವು ಮನೆಯಲ್ಲಿವೆ ಎನ್ನುವುದೇ ಅವರಿಗೊಂದು ಬಲ.

ಕೆಡಿಸಿದ್ದು ನನ್ನ ಹಾಳು ಬಾಯಿ. "ಒಂದೇ ಹಾಡು ಐದೈದು ಸಲ ಇದೆಯಲ್ಲ ಭಾವ, ಇದೇನು ಗುಜರಿ ಅಂಗಡಿನಾ?" ಎಂದು ಕಿಚಾಯಿಸಿದೆ. ಅವರಿಗೆ ರೋಷ ಬಂತು. ಒಂದೇ ಹೆಸರಿನ ಹಾಡುಗಳಲ್ಲಿ ಚೆನ್ನಾಗಿ ಕೇಳಿಸುವುದೊಂದನ್ನು ಉಳಿಸಿ, ಮಿಕ್ಕಿದ್ದನ್ನು ಅಳಿಸುವ ಪ್ರೋಗ್ರಾಂ ಹಾಕಿದರು. ಅಕ್ಕ ಹಾಡಿದ್ದಕ್ಕೂ ಅವರು ಸಿನಿಮಾ ಹಾಡಿನ ಹೆಸರನ್ನೇ ಇಟ್ಟಿದ್ದರು. ಸ್ಟುಡಿಯೋದ್ದು ಉಳಿಯಿತು, ಅಡುಗೆಮನೆಯದು ಹೋಯಿತು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ. ಎರಡನೇ ಡಿಸ್ಕು ಮೊದಲನೆಯದನ್ನು ನೋಡಿಕೊಂಡು ತಾನೂ ಅಳಿಸಿತು. ಹಾಡು ಹಿಡಿದಿಟ್ಟ ಫೋನು ಎಂದೋ ಕೆಟ್ಟುಹೋಗಿತ್ತು.

ಭಾವನಿಗೆ ಇದು ಗೊತ್ತಾಗಿದ್ದು ಎರಡು ತಿಂಗಳ ಮೇಲೆ, ಹಾಡಿನ ಪಟ್ಟಿಯಲ್ಲಿ ಬೇರೇನೋ ಹುಡುಕುವಾಗ. ಅಷ್ಟರಲ್ಲಿ ಖಾಲಿಯಾದ ಜಾಗಕ್ಕೆ ಹೊಸ ಹಾಡು ತುಂಬಿಸಿದ್ದರು. ಅಳಿಸಿದ್ದರ ಮೇಲೆಯೇ ಹೊಸದು ಕೂತಿದೆ, ಇನ್ನು ವಾಪಸು ಬರಲ್ಲ ಎಂದು ಕಂಪ್ಯೂಟರ್ ರಿಪೇರಿ ಅಂಗಡಿಯವನು ಕೈಚೆಲ್ಲಿದ. ನನಗೊಬ್ಬನಿಗೆ ಹೇಳಿದರು. ಅವರಿಗೆ ಊಟ ಸೇರದಾಯಿತು, ನಾನು ಅವರ ಮುಖ ನೋಡಲಾರದಾದೆ.

ಒಂದು ಭಾನುವಾರ ಮೂವರೂ ಊಟಕ್ಕೆ ಕೂತಿದ್ದಾಗ ಅವರಿಂದ ತಡೆಯಲಾಗಲಿಲ್ಲ.

"ನಿನ್ನ ಹಾಡೆಲ್ಲ ಹೋಯ್ತು ಕಣೇ. ನಾನೇ ಅಳಿಸ್ಬಿಟ್ಟೆ. ಒಂದೂ ಉಳಿದಿಲ್ಲ."

ಅಕ್ಕ ಎದ್ದು ಕೈ ತೊಳೆದು ಬಂದು ಸ್ಲೇಟು ಎತ್ತಿಕೊಂಡಳು.

"ಗೊತ್ತು. ನೀವು ಕೆಲಸಕ್ಕೆ ಹೋದ್ಮೇಲೆ ದಿನಾ ಕೇಳ್ತಿದ್ದೆ. ಒಂದಿನ ಹಾಕಿದ್ರೆ ಬೇರೆ ಯಾರೋ ಹಾಡಿದ್ರು."

ಅದನ್ನು ಸೆರಗಿನಿಂದ ಒರೆಸಿ ಮತ್ತೆ ಬರೆದಳು.

"ನೀವು ಬೇಕಂತಲೇ ತೆಗೆದ್ರಿ ಅಂದ್ಕೊಂಡೆ. ನನ್ನ ದನಿ ಕೇಳಿದ್ರೆ ನಿಮಗೆ ಸಂಕಟ ಆಗುತ್ತೇನೋ ಅಂತ ಸುಮ್ಮನಾದೆ."

ಭಾವ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ಅವರ ಹೆಗಲು ಹಿಡಿದುಕೊಂಡು ತಾನೂ ಅತ್ತಳು. ಕೇಳಿಸಿದ್ದು ಭಾವನ ಅಳು ಮಾತ್ರ.