ಗಿನ್ಕಾ ಅಜ್ಜಿ ಕಣ್ಣು ಮುಚ್ಚಿಕೊಂಡು ಸುತ್ತಿದ ಪ್ರಾಣಿವನ

ಹಾಸ್ಕೊವೊ ಊರಿನ ಹೆಣಿಗೆ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕಾಲುಚೀಲಗಳನ್ನು ಜೋಡಿ ಮಾಡುತ್ತ ಕಳೆದ ಗಿನ್ಕಾ, ತನ್ನ ಅರವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಬಲ್ಗೇರಿಯದ ಗಡಿ ದಾಟಿದಳು. ಮಾರ್ಚ್ ಮೂರರ ರಾಷ್ಟ್ರೀಯ ದಿನದ ರಜೆಗೆ ಮಗ ಪ್ಲಾಮೆನ್, ಸೊಸೆ ರಾಲಿತ್ಸಾ, ಆರು ವರ್ಷದ ಮೊಮ್ಮಗಳು ಯೊವಾನಾ ಜೊತೆ ಕಾರಿನಲ್ಲಿ ಗ್ರೀಸಿನ ಕಡಲತೀರಕ್ಕೆ ಹೊರಟಿದ್ದಳು. ಮಡಿಲಲ್ಲಿ ಚೀಸ್ ತುಂಬಿದ ಪದರುರೊಟ್ಟಿ ಬಾನಿತ್ಸಾದ ತಟ್ಟೆ, ಕಾಲಡಿ ಉಪ್ಪಿನಕಾಯಿಯ ಎರಡು ಜಾಡಿ.

"ಗ್ರೀಸಲ್ಲಿ ಊಟ ಸಿಗಲ್ವಾ ಅಮ್ಮಾ?" ಎಂದ ಪ್ಲಾಮೆನ್.

"ಸಿಗತ್ತೆ ಕಣೋ. ಅದು ಹೊಟ್ಟೆಗೆ ಹಿಡಿಸ್ಬೇಕಲ್ಲ?"

ದಾರಿಯುದ್ದಕ್ಕೂ ಅವಳು ಆಕಾಶ ಬಿಟ್ಟು ಬೇರೇನೂ ನೋಡಲಿಲ್ಲ. ಅವರ ನಾಡಿನ ಪದ್ಧತಿಯಂತೆ, ಮಾರ್ಚ್ ಒಂದರಂದು ಎಲ್ಲರೂ ಕೈಗೆ ಕಟ್ಟಿಕೊಂಡ ಕೆಂಪು-ಬಿಳಿ ದಾರವನ್ನು ವರ್ಷದ ಮೊದಲ ಕೊಕ್ಕರೆ ಕಂಡಾಗ ಬಿಚ್ಚಿ ಹೂಬಿಟ್ಟ ಗಿಡಕ್ಕೆ ಕಟ್ಟಬೇಕು. ಆ ಕೊಕ್ಕರೆ ಹಾರುತ್ತಿದ್ದರೆ ವರ್ಷವಿಡೀ ತಿರುಗಾಟ, ನಿಂತಿದ್ದರೆ ವರ್ಷವಿಡೀ ಮನೆ ಎಂಬುದು ನಂಬಿಕೆ. ಹೋದ ವರ್ಷ ಗಿನ್ಕಾ ಕಂಡದ್ದು ವಿದ್ಯುತ್ ಕಂಬದ ಮೇಲೆ ನಿಂತ ಕೊಕ್ಕರೆಯನ್ನು. ಹತ್ತೇ ದಿನಕ್ಕೆ ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿಯಿತು. ಕಾರ್ಖಾನೆಯ ಹಳೆಯ ಗೆಳತಿಯರು ಬಸ್ಸಿನಲ್ಲಿ ಇಸ್ತಾಂಬುಲ್ ನೋಡಿ ಬಂದರು. ಅವಳು ಪ್ಲಾಸ್ಟರ್ ಹಾಕಿಸಿಕೊಂಡು ಕಿಟಕಿಯ ಪಕ್ಕ ಕೂತಳು. ಈ ಮೇ ತಿಂಗಳಲ್ಲಿ ಅವರು ಮತ್ತೆ ಹೊರಡುವವರಿದ್ದರು. ಈ ಸಲ ಯಾವ ಕಾರಣಕ್ಕೂ ಬಸ್ಸು ತಪ್ಪಬಾರದು. ಆದರೆ ದಾರಿಯಲ್ಲಿ ಒಂದು ಕೊಕ್ಕರೆಯೂ ಕಾಣಲಿಲ್ಲ.

ಮರುದಿನ ಪ್ರಾಣಿವನದ ಬಾಗಿಲಲ್ಲಿ ರಾಲಿತ್ಸಾ ನಕ್ಷೆ ನೋಡಿ ತುಟಿ ಕಚ್ಚಿಕೊಂಡಳು. ಅತ್ತೆಯ ಸ್ವಭಾವ ಅವಳಿಗೆ ಗೊತ್ತಿತ್ತು.

"ಅತ್ತೆ, ಮೊದ್ಲೇ ಹೇಳ್ಬಿಡ್ತೀನಿ. ಮಧ್ಯದಲ್ಲಿ ಒಂದು ಕೆರೆ ಇದೆ. ಅಲ್ಲಿ ಕೊಕ್ಕರೆ ಇದ್ಯಂತೆ."

"ನಿಂತಿರತ್ತಾ?"

"ರೆಕ್ಕೆಗೆ ಪೆಟ್ಟಾದವನ್ನ ಇಟ್ಕೊಂಡಿದಾರೆ. ಹಾರೋದೆಲ್ಲಿ ಬಂತು?"

ಎಲ್ಲ ದಾರಿಯೂ ಕೆರೆಯನ್ನು ಸುತ್ತಿಕೊಂಡೇ ಹೋಗುತ್ತಿತ್ತು. ಗಿನ್ಕಾ ಒಂದು ಕ್ಷಣ ಯೋಚಿಸಿ, ಉಣ್ಣೆಯ ಟೊಪ್ಪಿಯನ್ನು ಮೂಗಿನವರೆಗೆ ಎಳೆದುಕೊಂಡು ಯೊವಾನಾಳ ಕಡೆ ಕೈ ಚಾಚಿದಳು. "ನಡಿ ಪುಟ್ಟಿ. ನೀನು ನೋಡಿ ಹೇಳು, ನಾನು ಕೇಳ್ತೀನಿ."

ಮೊದಮೊದಲು ಇಬ್ಬರಿಗೂ ಮಜವಾಗಿತ್ತು. ಉಣ್ಣೆಯ ಕತ್ತಲೆಯೊಳಗೆ ಗಿನ್ಕಾಳಿಗೆ ಒದ್ದೆ ಹುಲ್ಲಿನ ವಾಸನೆ ಬಂತು, ಸಗಣಿಯ ವಾಸನೆ ಬಂತು, ಎಲ್ಲೋ ಯಾರೋ ಗುರ್ ಅಂದರು.

"ಇದು ಕರಡಿ!"

"ಅಲ್ಲ ಅಜ್ಜಿ, ಅಪ್ಪ ಆಕಳಿಸಿದ್ದು."

ಕುರುಡಿ ಎಂದುಕೊಂಡ ಗ್ರೀಕ್ ಮುದುಕನೊಬ್ಬ ತೋಳು ಹಿಡಿದು ಅವಳನ್ನು ಮೆಟ್ಟಿಲು ಇಳಿಸಿದ. ಗಿನ್ಕಾ ಬೇಡವೆನ್ನಲಿಲ್ಲ. ಪ್ಲಾಮೆನ್ ಹಿಂದಿನಿಂದ, "ಅಮ್ಮಾ, ನೀನು ಇಸ್ತಾಂಬುಲ್‌ಗೆ ಹೋಗೋದೇ ಬೇಡ, ಇಲ್ಲೇ ಸಂಬಂಧ ಕುದುರ್ತಿದೆ" ಎಂದಾಗ ಟೊಪ್ಪಿಯೊಳಗಿಂದಲೇ ಬೈದಳು.

ಯೊವಾನಾ ತೋಳಗಳನ್ನು ಬಣ್ಣಿಸಿದಳು, ಜಿಂಕೆಮರಿಯನ್ನು ಬಣ್ಣಿಸಿದಳು. ಕರಡಿಯ ಬೇಲಿ ಬಂದಾಗ ಅವಳ ಧ್ವನಿ ಕೀರಲಾಯಿತು. "ಅಜ್ಜಿ, ಬೇಗ! ಅಂಗಾತ ಮಲಗಿ ಕಾಲು ಹಿಡ್ಕೊಂಡು ಪಾದ ನೆಕ್ತಿದೆ! ನೋಡಜ್ಜಿ!"

"ನೀನು ನೋಡು ಬಂಗಾರ. ಯಾವ ಪಾದ, ಎಡದ್ದಾ ಬಲದ್ದಾ?"

ಹಿಡಿದಿದ್ದ ಪುಟ್ಟ ಕೈ ಸಡಿಲವಾಯಿತು. ಆಮೇಲೆ ಎರಡು ಬೇಲಿ ದಾಟಿದರೂ ಮಗು ಬಾಯಿ ಬಿಡಲಿಲ್ಲ.

"ಈಗ ಏನು ಬಂತು ಪುಟ್ಟಿ?"

"ಹೇಳಲ್ಲ."

"ಯಾಕೆ?"

"ಅಮ್ಮ-ಅಪ್ಪ ಕೆಲಸಕ್ಕೆ ಹೋಗ್ತಾರೆ. ಮನೇಲಿ ನಾನು, ನೀನು ಇಬ್ರೇ. ನೀನು ಏನೂ ನೋಡಿಲ್ಲ. ಇದೆಲ್ಲ ನಾನು ಯಾರ ಜೊತೆ ಮಾತಾಡ್ಲಿ?"

ಗಿನ್ಕಾ ನಿಂತುಬಿಟ್ಟಳು. ಮೇ ತಿಂಗಳ ಬಸ್ಸು, ಗೆಳತಿ ಪೆಂಕಾಳ ಪಕ್ಕದ ಕಿಟಕಿಯ ಸೀಟು, ಇಸ್ತಾಂಬುಲಿನ ಸೇತುವೆ, ಹಡಗು ಎಲ್ಲ ಟೊಪ್ಪಿಯೊಳಗೆ ಒಮ್ಮೆ ಹಾದುಹೋದವು. ಹತ್ತಿರದಲ್ಲೇ ನೀರಿನ ಸದ್ದಿತ್ತು. ಎಲ್ಲಿ ನಿಂತಿದ್ದೇನೆಂದು ಅವಳಿಗೆ ಚೆನ್ನಾಗಿಯೇ ಗೊತ್ತಾಯಿತು. ರಾಲಿತ್ಸಾ ಮೆಲ್ಲಗೆ, "ಅತ್ತೆ, ಇನ್ನು ಹತ್ತು ಹೆಜ್ಜೆ ಮುಂದೆ ಬಂದ್ಬಿಡಿ, ಕೆರೆ ದಾಟತ್ತೆ" ಎಂದಳು.

ಗಿನ್ಕಾ ಅಲ್ಲೇ ಟೊಪ್ಪಿ ಎತ್ತಿದಳು.

ಕೆರೆಯಂಚಿನಲ್ಲಿ ಕೊಕ್ಕರೆ, ಜೋತುಬಿದ್ದ ಒಂದು ರೆಕ್ಕೆಯೊಂದಿಗೆ, ಅಳ್ಳಾಡದೆ ನಿಂತಿತ್ತು. ಅವಳು ಅದನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: "ಒಂದು ಕಾಲು ಎತ್ತಿದೆ. ಅರ್ಧ ಮಾತ್ರ ನಿಂತಿದೆ."

"ಹಾಗಾದ್ರೆ ಆರು ತಿಂಗಳು ಮನೇಲಿರ್ತೀಯಾ?" ಎಂದ ಪ್ಲಾಮೆನ್.

"ಇರ್ತೀನಿ. ಆದ್ರೆ ಜೂನ್‌ನಿಂದ."

"ನಾನು ನೋಡಿದ್ದಂತೂ ಪೂರ್ತಿ ನಿಂತಿದ್ದೇ ಆಗ್ಲಿ. ಒಂದು ವರ್ಷ ಸುಮ್ನೆ ಕೂರೋಕೆ ಸಿಕ್ರೆ ನಂಗೆ ಬೇರೇನೂ ಬೇಡ" ಎಂದು ರಾಲಿತ್ಸಾ ನಕ್ಕು, ಎಲ್ಲರ ಕೈಯ ದಾರ ಬಿಚ್ಚಿದಳು. ಯೊವಾನಾ ಅವನ್ನು ಹೂಬಿಟ್ಟ ಬಾದಾಮಿ ಗಿಡಕ್ಕೆ ಕಟ್ಟಿದಳು.

"ಸರಿ, ಬಾಗಿಲ ಕಡೆ ನಡೀರಿ" ಎಂದಳು ಗಿನ್ಕಾ.

"ಮನೆಗಾ?"

"ಮನೆಗ್ಯಾಕೋ? ಮೊದಲಿಂದ ಶುರು ಮಾಡೋಕೆ. ನಾನು ಒಂದಾದ್ರೂ ಪ್ರಾಣಿ ನೋಡಿದೀನಾ?"

ಮುಚ್ಚಲು ಇನ್ನೊಂದೇ ಗಂಟೆಯಿತ್ತು. ಪ್ಲಾಮೆನ್ ಕಾಲು ನೋವೆಂದು ಬೆಂಚಿನ ಮೇಲೆ ಕೂತ. ಕರಡಿ ಗುಡಿಸಲೊಳಗೆ ಸೇರಿಕೊಂಡಿತ್ತು. ಅಜ್ಜಿ-ಮೊಮ್ಮಗಳು ಬೇಲಿಗೆ ಹಣೆ ಒತ್ತಿ ಕಾದರು. ಕಡೆಗೊಮ್ಮೆ ಕತ್ತಲೆಯೊಳಗಿಂದ ಕಪ್ಪು ಮೂಗೊಂದು ಹೊರಬಂದು, ಗಾಳಿ ಮೂಸಿ, ಒಳಗೆ ಹೋಯಿತು.

"ನೋಡಿದ್ಯಾ ಅಜ್ಜಿ?"

"ನೋಡ್ದೆ ಕಣೇ. ಮೂಗಿನ ಮೇಲೆ ಹುಲ್ಲು ಅಂಟಿತ್ತು."

"ಹೌದು! ಎರಡೆಳೆ!"