ಗೋಡೆಯಾಚೆಯ ಏಣಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನಲ್ಲಿ ಹೊಸದಾಗಿ ಕರಿಕೋಟು ಹಾಕಿದ್ದೆ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆಗ ಸಿ.ಎಸ್. ಪುರದ ಕಡೆಯ ರೈತನೊಬ್ಬ ಹೆಂಡತಿಯೊಂದಿಗೆ ಬಂದ. ಅವನ ಮನೆಯ ಅಟ್ಟದಲ್ಲಿ ಅಬಕಾರಿಯವರಿಗೆ ಒಂದು ಮೂಟೆ ಗಾಂಜಾ ಸಿಕ್ಕಿತ್ತು. ಜಾಮೀನಿನ ಮೇಲೆ ಹೊರಗಿದ್ದ.

ಅವನು ಬೀಡಿ ಸೇದಲು ಆಚೆ ಹೋದಾಗ ಆಕೆ ಮೆಲ್ಲಗೆ ಕೇಳಿದಳು: "ಶಿಕ್ಷೆ ಆದ್ರೆ ಎಷ್ಟ್ ದಿನ ಒಳಗಿಡ್ತಾರೆ ಸಾಮಿ?"

"ಹೆದರ್ಬೇಡಿ ಕಣಮ್ಮ. ಒಂದಿನಾನೂ ಹೋಗಕ್ಕೆ ಬಿಡಲ್ಲ."

ಆಕೆ ತಲೆ ತಗ್ಗಿಸಿದಳು. ಮೊಣಕೈ ಹತ್ತಿರ ಬಾಸುಂಡೆ ಕಂಡಿತು. ಎಲ್ಲೋ ಬಿದ್ದಿರಬೇಕೆಂದು ಸುಮ್ಮನಾದೆ.

ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಡುವೆ ಗೋಡೆ ಎಬ್ಬಿಸುತ್ತಾರೆ, ಆಳೆತ್ತರಕ್ಕೆ ನಿಲ್ಲಿಸಿಬಿಡುತ್ತಾರೆ. ಮೇಲಿನ ಅಟ್ಟ ಒಂದೇ ಆಗಿ ಉಳಿಯುತ್ತದೆ. ಇವನ ಮನೆಯೂ ಹಾಗೇ, ಊರವರ ಬಾಯಲ್ಲಿ ಮಾತ್ರ ಇಡೀ ಮನೆ ಅಣ್ಣನದೇ. ಸರ್ಚ್ ವಾರಂಟಿನಲ್ಲೂ ಅಣ್ಣನ ಮನೆ ಎಂದೇ ಬರೆದಿತ್ತು. ಅಣ್ಣನ ಪಾಲಿಗೆ ನುಗ್ಗಿದವರು ಅಲ್ಲಿಂದ ಅಟ್ಟ ಹತ್ತಿ, ತಮ್ಮನ ಪಾಲಿನ ಮೇಲಿದ್ದ ಮೂಟೆ ಇಳಿಸಿದ್ದರು. ಆ ತಮ್ಮನೇ ನನ್ನ ಕಕ್ಷಿದಾರ. ವಾರಂಟ್ ಇಲ್ಲದ ಮನೆ ಶೋಧಿಸಿದ್ದೀರಿ ಎಂದು ನನ್ನ ವಾದ. ಎಲ್ಲ ಒಂದೇ ಮನೆ ಎಂದು ಅವರದು.

ಗುಬ್ಬಿ ಕೋರ್ಟಿನಲ್ಲಿ ಅಬಕಾರಿ ಇನ್ಸ್‌ಪೆಕ್ಟರನ್ನು ಪಾಟೀಸವಾಲಿಗೆ ಹಿಡಿದೆ.

"ಅಟ್ಟ ಹತ್ತಿದ ಏಣಿ ಎಲ್ಲಿತ್ತು?"

"ಗೋಡೆ ಆಚೆ, ಇವ್ರ ಮನೇಲಿತ್ತು."

ಎರಡು ಮನೆ ಎಂಬುದು ಅವರ ಬಾಯಲ್ಲೇ ಬಂತು. ಅಲ್ಲಿಗೆ ಕೂತುಬಿಡಬೇಕಿತ್ತು. ಬೆಂಚಿನ ತುಂಬ ವಕೀಲರು ನನ್ನನ್ನೇ ನೋಡುತ್ತಿದ್ದರು, ನನಗೆ ಹುಮ್ಮಸ್ಸು.

"ವಾರಂಟ್ ಇಲ್ದೆ ಆ ಮನೆಗೂ ನುಗ್ಗಿ ಏಣಿ ತಂದ್ರಾ?"

"ಇಲ್ಲ ಸಾರ್. ಆರೋಪಿ ಹೆಂಡ್ತೀನೇ ಗೋಡೆ ಮೇಲಿಂದ ದಾಟ್ಸಿದ್ರು. ನಾವು ಕೇಳೂ ಇರ್ಲಿಲ್ಲ."

ಆರೋಪಿಯ ಕಟಕಟೆಯಲ್ಲಿದ್ದ ನನ್ನ ಕಕ್ಷಿದಾರ ತಿರುಗಿ ಬಾಗಿಲ ಕಡೆ ನೋಡಿದ. ಅಲ್ಲಿ ನಿಂತಿದ್ದ ಆಕೆ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಒಳಗಿಡುವ ದಿನಗಳನ್ನು ಆಕೆ ಯಾವ ಆಸೆಯಿಂದ ಕೇಳಿದ್ದಳೆಂದು ಆಗ ಹೊಳೆಯಿತು.

ಸಂಜೆ ಅವನು ಕೈಮುಗಿದ. "ಕೇಸು ಗೆದ್ದಂಗೇ ಬುಡಿ ಸಾಮಿ. ಮಿಕ್ಕಿದ್ದು ಮನೇಲಿ ನಾನು ನೋಡ್ಕತೀನಿ."

ಆಕೆ ಅವನ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ತಡೆಯಲಿಲ್ಲ. ಏನೆಂದು ತಡೆಯಲಿ ಎಂದು ಇಷ್ಟು ವರ್ಷ ನನಗೆ ನಾನೇ ವಕಾಲತ್ತು ವಹಿಸಿದ್ದೇನೆ, ಒಮ್ಮೆಯೂ ಗೆದ್ದಿಲ್ಲ. ವಾರಂಟಿನ ವಾದದಲ್ಲಿ ಹುಳುಕಿರಲಿಲ್ಲ, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆ ಕೊನೆಯ ಪ್ರಶ್ನೆ ನೆನಪಾದರೆ ಮಾತ್ರ ಊಟ ಸೇರುವುದಿಲ್ಲ.

ವಾರಂಟ್ ತಮ್ಮನ ಮನೆಯದಲ್ಲ, ಅಟ್ಟ ಒಬ್ಬನದಲ್ಲ ಎಂದು ತೀರ್ಪಾಯಿತು. ಬಿಡುಗಡೆಯಾದವನು ಅವತ್ತು ಒಬ್ಬನೇ ಬಂದಿದ್ದ.

"ಮನೆಯವರು?" ಎಂದೆ.

"ಕುಣಿಗಲ್ ತಾವ ತೌರಿಗೆ ಅಟ್ದೆ ಸಾಮಿ. ಆ ಏಣೀನೂ ಸೀಳಿ ಒಲೆಗೆ ಹಾಕ್ದೆ" ಎಂದು ನಕ್ಕ.

ಸುತ್ತ ಹಿರಿಯ ವಕೀಲರು ನಿಂತು ನನ್ನ ಬೆನ್ನು ತಟ್ಟುತ್ತಿದ್ದರು. ನಾನೂ ನಕ್ಕೆ.